ಥಾಯ್ಲೆಂಡಿನಲ್ಲಿ ಟೀಚರ್ ಕೆಲಸ: ಪಾಠಕ್ಕಿಂತ ಉಳಿದದ್ದೇ ಜಾಸ್ತಿ

ಪ್ರಶ್ನೆ: ನಾನು ಡೊಂಬಿವಲಿಯವಳು, ವಯಸ್ಸು 33. ಬಿ.ಎಸ್ಸಿ., ಬಿ.ಎಡ್. ಆಗಿದೆ. ಥಾಣೆಯ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ಎಂಟು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಬ್ಯಾಂಕಾಕಿನ ಪಕ್ಕದ ನೊಂಥಬುರಿಯ ಶಾಲೆಯವರು ಆನ್‌ಲೈನ್ ಇಂಟರ್‌ವ್ಯೂ ಮಾಡಿ, ತಿಂಗಳಿಗೆ 35,000 ಬಾತ್ ಕೊಡುತ್ತೇವೆ ಅಂದಿದ್ದಾರೆ. ನಡುವೆ ಇರುವ ಏಜೆಂಟ್ 'ಮೊದಲು ಟೂರಿಸ್ಟ್ ಆಗಿ ಹೋಗಿ ಸೇರಿಕೊಳ್ಳಿ, ವೀಸಾ ಆಮೇಲೆ ಅಲ್ಲೇ ಆಗುತ್ತೆ' ಅನ್ನುತ್ತಾರೆ. ನಮ್ಮದು ಸಸ್ಯಾಹಾರಿ ಮನೆ, ಮೊಟ್ಟೆಯೂ ಇಲ್ಲ. ನಾನು ಹೋದರೆ ಮನೆಯಲ್ಲಿ ಅಮ್ಮ ಒಬ್ಬರೇ. ಅಲ್ಲಿ ದಿನ ಹೇಗಿರುತ್ತೆ? ಮಕ್ಕಳು ಹೇಗೆ? ಊಟಕ್ಕೇನು? ಹೋಗಬಹುದಾ, ಹೇಳಿ.

ಉತ್ತರ: ಹೋಗಬಹುದು. ಬಿ.ಎಡ್. ಇದೆ, ಗಣಿತ ಇದೆ, ಅನುಭವ ಇದೆ. ಇಂಥವರು ಅಲ್ಲಿ ಬೇಕು. ಆದರೆ ಏಜೆಂಟ್ ಹೇಳಿದ ದಾರಿಯಲ್ಲಿ ಮಾತ್ರ ಹೋಗಬೇಡಿ. ಅದೊಂದನ್ನು ಮೊದಲು ಮುಗಿಸಿಬಿಡುತ್ತೇನೆ. ಊಟ, ಮಕ್ಕಳು, ಮನೆಯ ವಿಷಯ ಆಮೇಲೆ ಮಾತಾಡೋಣ. ನಾನು ಅಲ್ಲಿ ಕೆಲವು ವರ್ಷ ವಿಜ್ಞಾನ ಕಲಿಸಿ ಬಂದವಳು. ಈಗ ಗೋರೆಗಾಂವ್‌ನಲ್ಲಿದ್ದುಕೊಂಡು, ಹೀಗೆ ಹೊರಟ ಟೀಚರುಗಳ ಕರಾರು, ಕಾಗದಪತ್ರ ನೋಡಿಕೊಡುತ್ತೇನೆ. ಹಾಗಾಗಿ ಈ 'ಆಮೇಲೆ ಆಗುತ್ತೆ' ಎಂಬ ಮಾತು ನನಗೆ ಚೆನ್ನಾಗಿ ಪರಿಚಯ.

ಟೂರಿಸ್ಟ್ ಆಗಿ ಹೋಗಿ ಒಂದೇ ದಿನ ಪಾಠ ಮಾಡಿದರೂ ಅದು ಅಲ್ಲಿಯ ಕಾನೂನಿಗೆ ವಿರುದ್ಧ. ದೇಶದೊಳಗಿದ್ದುಕೊಂಡೇ ವೀಸಾ ಬದಲಿಸುವ ದಾರಿ ಇದೆ, ಇಲ್ಲ ಅಂತಲ್ಲ. ಆದರೆ ವರ್ಕ್ ಪರ್ಮಿಟ್ ಕೈಗೆ ಬರುವವರೆಗೆ ನಿಮ್ಮನ್ನು ಸುಮ್ನೆ ಕೂರಿಸಿ ಸಂಬಳ ಕೊಡುತ್ತಾರಾ? ಶಾಲೆ ಶುರುವಾಗಿರುತ್ತದೆ, ತರಗತಿ ಖಾಲಿ ಇರುತ್ತದೆ. 'ಹೋಗಿ ಸ್ವಲ್ಪ ಮಕ್ಕಳನ್ನು ನೋಡಿಕೊಳ್ಳಿ ಟೀಚರ್' ಅನ್ನುತ್ತಾರೆ. ಸಿಕ್ಕಿಬಿದ್ದ ದಿನ ಪಾಸ್‌ಪೋರ್ಟಿನಲ್ಲಿ ಠಸ್ಸೆ ಬೀಳುವುದು ನಿಮ್ಮದಕ್ಕೆ, ಏಜೆಂಟನದಕ್ಕಲ್ಲ. ಆದ್ದರಿಂದ ಮುಂಬಯಿಯಲ್ಲಿದ್ದಾಗಲೇ ನಾನ್-ಇಮಿಗ್ರೆಂಟ್ ಬಿ ವೀಸಾ, ಅಂದರೆ ಕೆಲಸಕ್ಕೆ ಹೋಗುವವರ ವೀಸಾ, ಮಾಡಿಸಿಕೊಂಡು ವಿಮಾನ ಹತ್ತಿ. ಅರ್ಜಿ ಈಗ ಆನ್‌ಲೈನಿನಲ್ಲೇ ಹಾಕುವುದು. ಅದಕ್ಕೆ ಶಾಲೆಯ ಪತ್ರಗಳು ಬೇಕು. ಪತ್ರ ಕಳಿಸಲು ಹಿಂದೆಮುಂದೆ ನೋಡುವ ಶಾಲೆ ಮುಂದೆಯೂ ಏನೂ ಮಾಡಿಕೊಡುವುದಿಲ್ಲ ಅಂತಲೇ ತಿಳಿಯಿರಿ. ಆ ವೀಸಾದ ಮೇಲೆ 90 ದಿನ ಇರಬಹುದು. ಅಷ್ಟರೊಳಗೆ ವರ್ಕ್ ಪರ್ಮಿಟ್ ಆಗಿ, ವಾಸ ಒಂದು ವರ್ಷಕ್ಕೆ ವಿಸ್ತರಣೆ ಆಗಬೇಕು.

ಏಜೆಂಟ್ ಬಗ್ಗೆ ಇನ್ನೆರಡು ಮಾತು. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರು ನೋಂದಣಿ ಆಗಿದೆಯಾ ನೋಡಿ. ಆಗಿದ್ದರೂ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿ ಇದೆ. ಲಕ್ಷದ ಮಾತು ಬಂದರೆ ಅಲ್ಲೇ ಎದ್ದು ಬನ್ನಿ. 'ಬ್ಯಾಂಕಾಕಿನಲ್ಲಿ ಒಳ್ಳೆ ಕೆಲಸ' ಅಂತ ಕರೆಸಿಕೊಂಡು, ಥಾಯ್ಲೆಂಡಿನ ಗಡಿಯೂರು ಮೇ ಸೊಟ್‌ನಿಂದ ಆಚೆ ದಾಟಿಸಿ, ಮ್ಯಾನ್ಮಾರಿನ ಮ್ಯಾವಾಡಿಯ ಸೈಬರ್ ವಂಚನೆ ಅಡ್ಡೆಗಳಲ್ಲಿ ನಮ್ಮ ಹುಡುಗರನ್ನು ಕೂಡಿಹಾಕಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಇಲಾಖೆ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ನಿಮ್ಮದು ಅಂಥದ್ದು ಅಂತ ಹೇಳುತ್ತಿಲ್ಲ. ಆದರೂ ಶಾಲೆಯ ಫೋನ್ ನಂಬರನ್ನು ಏಜೆಂಟ್ ಕೊಟ್ಟ ಚೀಟಿಯಿಂದ ತೆಗೆದುಕೊಳ್ಳಬೇಡಿ, ನೀವೇ ಹುಡುಕಿ ಫೋನ್ ಮಾಡಿ. ಆಫೀಸಿನಲ್ಲಿ ಯಾರೋ ಥಾಯ್‌ನಲ್ಲಿ ಎತ್ತುತ್ತಾರೆ, ಗೊಂದಲ ಆಗುತ್ತದೆ. ಆಗಲಿ, ಪರವಾಗಿಲ್ಲ.

ಈಗ ಸರ್ಟಿಫಿಕೇಟುಗಳು. ಡಿಗ್ರಿಗೆ ಮೊದಲು ಮಹಾರಾಷ್ಟ್ರ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಇಲಾಖೆಯದು, ಕೊನೆಗೆ ಮುಂಬಯಿಯ ಥಾಯ್ ಕಾನ್ಸುಲೇಟಿನದು. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ತೆಗೆದಿಟ್ಟುಕೊಳ್ಳಿ. ಇಲ್ಲಿ ಓದಿದ ನಮ್ಮವರಿಗೆ ಒಂದು ತೊಂದರೆ ತಪ್ಪಿದ್ದಲ್ಲ. ಮಹಾರಾಷ್ಟ್ರದ ಬೋರ್ಡು ಅಂಕಪಟ್ಟಿಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ನಿಮ್ಮ ಹೆಸರು, ಆಮೇಲೆ ಅಪ್ಪನ ಹೆಸರು ಬರೆಯುತ್ತದೆ. ಪಾಸ್‌ಪೋರ್ಟಿನಲ್ಲಿ ಬೇರೆ ಕ್ರಮ. ಕೆಲವರಿಗೆ ಊರಿನ ದಾಖಲೆಯಲ್ಲಿ ಅಡ್ಡಹೆಸರೇ ಇರುವುದಿಲ್ಲ, ಮುಂಬಯಿಗೆ ಬಂದ ಮೇಲೆ ಅಂಟಿಕೊಂಡಿರುತ್ತದೆ. ಅಲ್ಲಿಯ ಕೌಂಟರಿನಲ್ಲಿ ಕೂತ ಹುಡುಗಿಗೆ ಇದು ಮೂರು ಬೇರೆ ಬೇರೆ ಮನುಷ್ಯರ ಹೆಸರು. 'ಇವೆಲ್ಲ ಒಬ್ಬಳದೇ' ಅಂತ ನೋಟರಿಯಿಂದ ಒಂದು ಅಫಿಡವಿಟ್ ಮಾಡಿಸಿ, ಅದಕ್ಕೂ ದೃಢೀಕರಣ ಮಾಡಿಸಿಕೊಂಡು ಹೋಗಿ. ಅಲ್ಲಿ ಹೋದ ಮೇಲೆ ಮಾಡಿಸುವ ಕೆಲಸ ಅಲ್ಲ ಅದು.

ಶಾಲೆಯಲ್ಲಿ ಕಲಿಸಲು ಅಲ್ಲಿಯ ಶಿಕ್ಷಕರ ಮಂಡಳಿಯ ಲೈಸೆನ್ಸೂ ಬೇಕು. ಮಂಡಳಿಯ ಹೆಸರು ಖುರುಸಫಾ. ಲೈಸೆನ್ಸ್ ಇಲ್ಲದವರಿಗೆ ಶಾಲೆ ಎರಡು ವರ್ಷದ ತಾತ್ಕಾಲಿಕ ಅನುಮತಿ ತರಿಸಿಕೊಡುತ್ತದೆ. ಬರೀ ಡಿಗ್ರಿ ಇರುವ ವಿದೇಶಿ ಟೀಚರುಗಳು ಆ ಎರಡು ವರ್ಷ ಮುಗಿಯುತ್ತಾ ಬಂದಾಗ ಪರದಾಡುತ್ತಾರೆ. ನಿಮ್ಮ ಬಿ.ಎಡ್. ಅಲ್ಲಿ ಕೆಲಸಕ್ಕೆ ಬರುತ್ತದೆ.

ಇಷ್ಟು ಹೊತ್ತು ಕಾಗದದ ಮಾತೇ ಆಯ್ತಲ್ಲ ಅಂತ ಬೇಜಾರಾಗಬೇಡಿ. ಅಲ್ಲಿಯ ದಿನಚರಿ ನಿಂತಿರುವುದೇ ಇದರ ಮೇಲೆ. ಥಾಣೆಯ ಶಾಲೆ ಹಿಡಿಸದಿದ್ದರೆ ನೀವು ನಾಳೆ ಮುಲುಂಡಿನ ಶಾಲೆಗೆ ಹೋಗುತ್ತೀರಿ. ಮನೆ ಅದೇ, ಬ್ಯಾಂಕ್ ಅದೇ, ಡಾಕ್ಟರ್ ಅದೇ. ಅಲ್ಲಿ ಹಾಗಲ್ಲ. ವೀಸಾ ವಿಸ್ತರಣೆ ಶಾಲೆಯ ಹೆಸರಿನಲ್ಲಿ. ವರ್ಕ್ ಪರ್ಮಿಟ್ ಶಾಲೆಯ ಹೆಸರಿನಲ್ಲಿ. ಅದನ್ನು ತೋರಿಸಿಯೇ ಬ್ಯಾಂಕ್ ಖಾತೆ. ಆಸ್ಪತ್ರೆಯ ಸೌಲಭ್ಯವೂ ಶಾಲೆಯ ಮೂಲಕವೇ. ಎಷ್ಟೋ ಸಲ ರೂಮನ್ನೂ ಅವರೇ ನೋಡಿರುತ್ತಾರೆ. ಕೆಲಸ ಬಿಟ್ಟ ದಿನವೇ ಆ ವಿಸ್ತರಣೆಯೂ ಮುಗಿಯುತ್ತದೆ. ಆಮೇಲೆ ಉಳಿದರೆ ದಿನಕ್ಕೆ 500 ಬಾತ್ ದಂಡ. ಇದು ಗೊತ್ತಿರುವ ಪ್ರಿನ್ಸಿಪಾಲರು ಒಳ್ಳೆಯವರಾದರೆ ಸರಿ. ಆಗದಿದ್ದರೆ ಶನಿವಾರದ ಕ್ಯಾಂಪಿಗೂ ನೀವೇ, ಜಾಹೀರಾತಿನ ಫೋಟೋಗೂ ನೀವೇ.

ಮುಂಬಯಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣ ಕನ್ನಡದಿಂದ ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹೋಟೆಲಿನಲ್ಲೇ ದುಡಿದು, ಹೋಟೆಲಿನಲ್ಲೇ ಉಂಡು, ಅಲ್ಲೇ ಮೇಜು ಸರಿಸಿ ಮಲಗುತ್ತಿದ್ದರು. ಎಲ್ಲಕ್ಕೂ ಧಣಿಯೇ. ಧಣಿಗೆ ಸೇರದ ಜಾಗ ಅಂತ ಅವರಿಗೆ ಇದ್ದದ್ದು ರಾತ್ರಿ ಶಾಲೆ, ಮತ್ತೆ ಸಂಘ. ನೊಂಥಬುರಿಗೆ ಹೋಗುವ ನಿಮಗೂ ಅಂಥದ್ದೊಂದು ಬೇಕು. ನನ್ನ ಸಲಹೆಯಲ್ಲಿ ಅರ್ಧ ಇದೇ. ಶಾಲೆ ಕೊಡುವ ಕೆಲಸ ಚೆನ್ನಾಗಿ ಮಾಡಿ, ಆದರೆ ಬದುಕಿನ ಒಂದೆರಡು ತುದಿಯಾದರೂ ಶಾಲೆಯ ಕೈಗೆ ಸಿಗದಂತೆ ಇಟ್ಟುಕೊಳ್ಳಿ. ರೂಮು ನಿಮ್ಮ ಹೆಸರಿನಲ್ಲಿರಲಿ. ಗೆಳತಿಯರು ಬರೀ ಸ್ಟಾಫ್ ರೂಮಿನವರೇ ಆಗದಿರಲಿ. ಮೂರು ತಿಂಗಳ ಖರ್ಚಿನ ದುಡ್ಡು ಯಾವತ್ತೂ ಪ್ರತ್ಯೇಕವಾಗಿರಲಿ. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಲಿ. ಕೆಲಸಕ್ಕೆಂದು ಆಫೀಸಿಗೆ ಕೊಟ್ಟರೆ ಕೆಲಸ ಮುಗಿದ ದಿನವೇ ಕೇಳಿ ತೆಗೆದುಕೊಳ್ಳಿ.

ಸರಿ, ಈಗ ದಿನ ಹೇಗಿರುತ್ತೆ ಅಂದಿರಲ್ಲ.

ಬೆಳಿಗ್ಗೆ ಏಳೂವರೆಯೊಳಗೆ ಶಾಲೆಯಲ್ಲಿರಬೇಕು. ಸರದಿ ಬಂದ ದಿನ ಗೇಟಿನ ಡ್ಯೂಟಿ. ಮಕ್ಕಳು ಒಬ್ಬೊಬ್ಬರಾಗಿ ಬಂದು, ನಿಮ್ಮ ಮುಂದೆ ನಿಂತು, ಕೈಮುಗಿದು ತಲೆ ಬಗ್ಗಿಸಿ ಒಳಗೆ ಹೋಗುತ್ತಾರೆ. ಮೊದಲು ಕೈಮುಗಿಯಬೇಕಾದವರು ಚಿಕ್ಕವರು. ನೀವು ತಲೆಯಾಡಿಸಿ ನಕ್ಕರೆ ಸಾಕು. ನಮ್ಮ ಅಭ್ಯಾಸಬಲದಿಂದ ಪ್ರತಿಯೊಬ್ಬರಿಗೂ ನಾವೇ ಮೊದಲು ನಮಸ್ಕಾರ ಮಾಡಿದರೆ ಮಕ್ಕಳು ಗಾಬರಿ ಆಗುತ್ತಾರೆ. ಪ್ರಿನ್ಸಿಪಾಲರಿಗೆ, ಹಿರಿಯ ಟೀಚರುಗಳಿಗೆ ಮಾತ್ರ ನೀವೇ ಮೊದಲು. ಎಂಟು ಗಂಟೆಗೆ ಧ್ವಜ, ರಾಷ್ಟ್ರಗೀತೆ, ಪ್ರಾರ್ಥನೆ. ಸಂಜೆ ಆರಕ್ಕೆ ಸ್ಟೇಷನ್ನು, ಪಾರ್ಕುಗಳಲ್ಲಿ ಮತ್ತೆ ರಾಷ್ಟ್ರಗೀತೆ ಬರುತ್ತದೆ. ನಡೆಯುತ್ತಿದ್ದವರು ನಿಂತುಬಿಡುತ್ತಾರೆ, ನೀವೂ ನಿಲ್ಲಿ.

ಮಕ್ಕಳು ಪ್ರೀತಿಯವರು. ಎಲ್ಲರಿಗೂ ಒಂದು ಕರೆಯುವ ಹೆಸರಿರುತ್ತದೆ: ಬೆಂಜ್, ಬಾಲ್, ಮಿಂಟ್, ಐಸ್ ಹೀಗೆ. ಹಾಜರಿ ಪುಸ್ತಕದ ಉದ್ದ ಹೆಸರು ಕರೆದರೆ ಅವರೇ ತಮ್ಮ ಹೆಸರು ಗುರುತಿಸುವುದಿಲ್ಲ, ಅಷ್ಟು ಚೆನ್ನಾಗಿರುತ್ತದೆ ನಮ್ಮ ಉಚ್ಚಾರ. ನಿಮ್ಮನ್ನೂ ಹೆಸರಿನಿಂದಲೇ ಕರೆಯುತ್ತಾರೆ, ಮುಂದೆ 'ಟೀಚರ್' ಸೇರಿಸಿ. ತಲೆ ಮುಟ್ಟಬೇಡಿ, ಪ್ರೀತಿಯಿಂದಲೂ ಬೇಡ. ಕಾಲು ತೋರಿಸಿ ಕೂರಬೇಡಿ. ಇವು ನಮಗೆ ಹೊಸದೇನಲ್ಲ.

ಕಷ್ಟ ಇರುವುದು ಬೇರೆ ಕಡೆ. 'ಅರ್ಥ ಆಯ್ತಾ' ಅಂದರೆ ಇಡೀ ತರಗತಿ ಆಯ್ತು ಅನ್ನುತ್ತದೆ. ಆಗಿರುವುದಿಲ್ಲ. ಅರ್ಥ ಆಗಿಲ್ಲ ಅಂದರೆ ಟೀಚರಿಗೆ ಬೇಜಾರಾಗುತ್ತದೆ ಎಂಬ ಮರ್ಯಾದೆ ಅದು. ಥಾಣೆಯಲ್ಲಿ ಕೈ ಎತ್ತಿ, ಕುರ್ಚಿ ಬಿಟ್ಟು ಎದ್ದು, ಉತ್ತರ ಕೂಗುವ ಮಕ್ಕಳನ್ನು ನೋಡಿದ ನಿಮಗೆ ಮೊದಲ ತಿಂಗಳು ಗೋಡೆಗೆ ಪಾಠ ಹೇಳಿದ ಹಾಗೆ ಅನಿಸುತ್ತದೆ. ಬೋರ್ಡಿಗೆ ಒಬ್ಬರನ್ನೇ ಕರೆಯಬೇಡಿ, ಇಬ್ಬರನ್ನು ಒಟ್ಟಿಗೆ ಕರೆಯಿರಿ. ಉತ್ತರವನ್ನು ಚಿಕ್ಕ ಸ್ಲೇಟಿನ ಮೇಲೆ ಬರೆಸಿ ಎತ್ತಿ ಹಿಡಿಸಿ. ಗಣಿತದಲ್ಲಿ ಅಂಕಿ ಎಲ್ಲರಿಗೂ ಒಂದೇ, ಅದೇ ನಿಮ್ಮ ಬಲ. ಮಾತಿನ ಲೆಕ್ಕ, ಅಂದರೆ ರಾಮನ ಹತ್ತಿರ ಇಷ್ಟು ಮಾವು ಅನ್ನುವಂಥದ್ದು, ಅಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ. ಇಂಗ್ಲಿಷ್ ಸಾಲದು. ಚಿತ್ರ ಬರೆದೇ ಶುರು ಮಾಡಿ.

ಅಂಕ 80 ಮುಟ್ಟಿದರೆ ಗ್ರೇಡ್ 4. 50ಕ್ಕಿಂತ ಕೆಳಗೆ ಬಂದರೆ ಸೊನ್ನೆ. ಸೊನ್ನೆ ಬಂದವನು ಮರುಪರೀಕ್ಷೆ ಬರೆದು, ಇಲ್ಲವೇ ಏನಾದರೂ ಬರೆದುಕೊಟ್ಟು ಸರಿಮಾಡಿಕೊಳ್ಳುತ್ತಾನೆ. ಫೇಲ್ ಮಾಡಿ ಅದೇ ತರಗತಿಯಲ್ಲಿ ಕೂರಿಸುವುದು ತೀರಾ ಕಡಿಮೆ. ನಮ್ಮಲ್ಲಿಂದ ಹೋದ ಟೀಚರುಗಳು ಇದರ ಬಗ್ಗೆ ಬಹಳ ಕೊರಗುತ್ತಾರೆ. ನನಗೆ ಕೇಳಿದರೆ, ಎಂಟನೆಯವರೆಗೆ ನಮ್ಮಲ್ಲೂ ಬಹುಕಾಲ ನಡೆದದ್ದು ಅದೇ ಅಲ್ವಾ? ಸುಮ್ನೆ ಜಗಳ ಆಡಬೇಡಿ.

ಟೈಮ್‌ಟೇಬಲ್ ನಂಬಬೇಡಿ. ಕ್ರೀಡಾ ದಿನದ ತಯಾರಿ, ಸ್ಕೌಟ್, ಭಿಕ್ಷುಗಳಿಗೆ ದಾನ, ಯಾರೋ ಅಧಿಕಾರಿಯ ಭೇಟಿ. ಪೀರಿಯಡ್ ರದ್ದಾಗಿದ್ದು ತರಗತಿಗೆ ಹೋದ ಮೇಲೆಯೇ ಗೊತ್ತಾಗುವುದು. ಮೀಟಿಂಗ್ ಪೂರ್ತಿ ಥಾಯ್‌ನಲ್ಲಿ ನಡೆಯುತ್ತದೆ. ಕೊನೆಗೆ ಪಕ್ಕದವರು ನಿಮಗೆ ಎರಡು ವಾಕ್ಯದಲ್ಲಿ ಹೇಳುತ್ತಾರೆ, ಅದರಲ್ಲಿ ಒಂದು 'ನಾಳೆ ಹಳದಿ ಅಂಗಿ' ಆಗಿರುತ್ತದೆ. ಇಲ್ಲ ಅಂತ ಯಾರೂ ನೇರವಾಗಿ ಹೇಳುವುದಿಲ್ಲ. ರಜೆ ಕೇಳಿದಾಗ ನಕ್ಕು 'ನೋಡೋಣ' ಅಂದರೆ ಇಲ್ಲ ಅಂತಲೇ. ದಾಖಲೆಗಳಲ್ಲಿ ಬುದ್ಧನ ವರ್ಷ ಬರೆಯುತ್ತಾರೆ, ನಮ್ಮ ಇಸವಿಗೆ 543 ಕೂಡಿಸಿಕೊಳ್ಳಿ. 2025 ಅಂದರೆ 2568. ಗಣಿತದ ಟೀಚರಿಗೆ ಎಷ್ಟು ಹೊತ್ತು.

ಜೂನ್ ತಿಂಗಳ ಒಂದು ಗುರುವಾರ ಸಾಮಾನ್ಯವಾಗಿ ಗುರುಪೂಜೆ ಇರುತ್ತದೆ. ಅದಕ್ಕೆ ಕ್ಯಾಮೆರಾ ಚಾರ್ಜ್ ಮಾಡಿಕೊಂಡು ಹೋಗಿ. ಮಕ್ಕಳು ಮಂಡಿಯೂರಿ ತೆವಳುತ್ತಾ ಬಂದು, ಕಾಲಿರುವ ತಟ್ಟೆಯೊಂದನ್ನು ನಿಮ್ಮ ಕೈಗೆ ಕೊಡುತ್ತಾರೆ. ಅದರಲ್ಲಿ ಏನಿರುತ್ತದೆ ಗೊತ್ತಾ? ಗರಿಕೆ, ಕೇಪುಳದ ಹೂವು, ಬದನೆ ಜಾತಿಯ ಗಿಡದ ಹೂವು. ಗರಿಕೆ ಎಲ್ಲಿ ಬಿದ್ದರೂ ಚಿಗುರಿ ಹಬ್ಬುತ್ತದೆ, ಕಲಿಕೆಯೂ ಹಾಗೆ ಹಬ್ಬಲಿ ಅಂತ. ಕೇಪುಳದ ಮೊಗ್ಗು ಸೂಜಿಯಂತೆ ಚೂಪು, ಬುದ್ಧಿ ಹಾಗಿರಲಿ ಅಂತ. ಬದನೆ ಹೂ ಬಗ್ಗಿಕೊಂಡೇ ಅರಳುತ್ತದೆ, ಅದು ವಿನಯಕ್ಕೆ. ನಮ್ಮೂರಿನ ಅಂಗಳದಲ್ಲಿ ಇರುವ ಮೂರು ಗಿಡಗಳನ್ನು ಬೇರೆ ದೇಶದ ಹುಡುಗ ತಟ್ಟೆಯಲ್ಲಿಟ್ಟು ಕೊಟ್ಟರೆ ಏನನಿಸುತ್ತದೆ ಅಂತ ನೀವೇ ಹೋಗಿ ನೋಡಿ.

ಒಂದು ಎಚ್ಚರಿಕೆ, ತಮಾಷೆ ಇಲ್ಲದೆ. ರಾಜಮನೆತನದ ಬಗ್ಗೆ ಯಾವ ಮಾತೂ ಬೇಡ. ತರಗತಿಯಲ್ಲಿ ಬೇಡ, ಸ್ಟಾಫ್ ರೂಮಿನಲ್ಲಿ ಬೇಡ, ವಾಟ್ಸಾಪಿನಲ್ಲಿ ಬಂದದ್ದನ್ನು ಮುಂದೆ ಕಳಿಸುವುದೂ ಬೇಡ. ಅಲ್ಲಿಯ ದಂಡಸಂಹಿತೆಯ 112ನೇ ಕಲಮಿನ ಪ್ರಕಾರ ಒಂದೊಂದು ಅಪರಾಧಕ್ಕೂ 3ರಿಂದ 15 ವರ್ಷ ಜೈಲು. ವಿದೇಶಿ ಎಂಬ ವಿನಾಯಿತಿ ಇಲ್ಲ.

ಇನ್ನು ಊಟ. ಇದರ ಬಗ್ಗೆ ಜನ ಹೆದರಿಸುತ್ತಾರೆ. ಹೆದರಬೇಡಿ, ಆದರೆ ಶಾಲೆಯ ಕ್ಯಾಂಟೀನನ್ನು ಮರೆತುಬಿಡಿ. ತರಕಾರಿ ಪಲ್ಯ ಅಂತ ಕಂಡದ್ದರಲ್ಲೂ ಮೀನಿನ ಸಾಸ್ ಇಲ್ಲವೇ ಆಯ್ಸ್ಟರ್ ಸಾಸ್ ಇರುತ್ತದೆ. ಪಪ್ಪಾಯಿ ಸಲಾಡಿಗೂ ಒಣಸಿಗಡಿ ಬೀಳುತ್ತದೆ. ಮಾಂಸ ಬೇಡ ಅಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ಓಕೆ, ಮೀನಿನ ಸಾಸಂತೂ ಲೆಕ್ಕಕ್ಕೇ ಇಲ್ಲ. ನೀವು ಹೇಳಬೇಕಾದ್ದು 'ಜೇ' ಅಂತ. ಚೀನೀ ಬೌದ್ಧರ ಪದ್ಧತಿಯ ಆ ಅಡುಗೆಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮುಂಬಯಿಯವರಿಗೆ ಜೈನ್ ಅಡುಗೆ ಗೊತ್ತಲ್ಲ, ಬಹುಪಾಲು ಅದೇ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಒಂಬತ್ತು ದಿನದ ಜೇ ಹಬ್ಬ ಬರುತ್ತದೆ. ಆಗ ಬೀದಿಯೇ ಹಳದಿ, ನಿಮಗೆ ಸುಗ್ಗಿ. ಉಳಿದ ದಿನ ಡಬ್ಬಿ ಕಟ್ಟಿಕೊಂಡೇ ಹೋಗುವುದು. ಡಬ್ಬಿ ನಮಗೇನು ಹೊಸದಾ?

ಅಡುಗೆಗೆ ಸಾಮಾನು ಸಿಗುತ್ತದೆ. ಬ್ಯಾಂಕಾಕಿನ ಫಾಹುರಾತ್ ಅಂದರೆ ಅಲ್ಲಿಯ ಭಾರತೀಯ ಪೇಟೆ. ತೊಗರಿ, ಉದ್ದು, ಸಾಸಿವೆ, ಹಿಂಗು, ಕರಿಬೇವು ಎಲ್ಲ ಅಲ್ಲಿ. ಅಲ್ಲೇ ದೊಡ್ಡ ಗುರುದ್ವಾರ ಇದೆ, ಲಂಗರಿನ ಊಟ ಸಸ್ಯಾಹಾರಿ. ನಿಮ್ಮ ಪಕ್ಕದ ಸಂತೆಯನ್ನಂತೂ ಬಿಡಬೇಡಿ. ಒಂದು ಮೂಲೆಯಲ್ಲಿ ತೆಂಗಿನಕಾಯಿ ಅಂಗಡಿ ಇರುತ್ತದೆ. ನಿಮ್ಮ ಎದುರೇ ಕಾಯಿಯನ್ನು ಯಂತ್ರಕ್ಕೆ ಹಾಕಿ ತುರಿದು, ಬೇಕಾದರೆ ಹಾಲೂ ಹಿಂಡಿಕೊಡುತ್ತಾರೆ. ತುರಿಮಣೆಯ ಮೇಲೆ ಕೂತು ಬೆನ್ನು ನೋಯಿಸಿಕೊಂಡವರಿಗೆ ಅದು ಸ್ವರ್ಗ. ಬಾಳೆ ಹೂವು, ಹಲಸಿನಕಾಯಿ, ಬೂದುಗುಂಬಳ, ನುಗ್ಗೆ ಸಿಗುತ್ತದೆ. ಕಣಿಲೆ ಅಂತೂ ವರ್ಷವಿಡೀ. ಸೆಕೆಗೆ ಇಡ್ಲಿ ಹಿಟ್ಟು ಮುಂಬಯಿಯ ಹಾಗೆಯೇ ಉಕ್ಕಿ ಬರುತ್ತದೆ. ಸಿಗದೆ ಇರುವುದು ಕುಚ್ಚಲಕ್ಕಿ. ಅದಕ್ಕೆ ಹುಡುಕಾಡಿ ಸುಸ್ತಾಗಬೇಡಿ. ಅಲ್ಲಿಯ ಬೆಳ್ತಿಗೆ ಒಳ್ಳೆಯದು, ಅದಕ್ಕೇ ಒಗ್ಗಿಕೊಳ್ಳಿ.

ರೂಮು ನೋಡುವಾಗ ಅಡುಗೆ ಮಾಡಬಹುದಾ ಅಂತ ಮೊದಲೇ ಕೇಳಿ. ಎಷ್ಟೋ ರೂಮುಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ. ಅಲ್ಲಿಯವರು ಹೊರಗೆ ತಿನ್ನುತ್ತಾರೆ, ಅಥವಾ ಚೀಲದಲ್ಲಿ ಕಟ್ಟಿಸಿಕೊಂಡು ಬರುತ್ತಾರೆ. ಬಾಲ್ಕನಿಯಲ್ಲಿ ಇಂಡಕ್ಷನ್ ಒಲೆ ಇಟ್ಟುಕೊಳ್ಳುವವರೇ ಜಾಸ್ತಿ. ಪ್ರೆಷರ್ ಕುಕ್ಕರ್ ಮೊದಲ ಸಲ ಕೂಗಿದಾಗ ಪಕ್ಕದ ರೂಮಿನವರು ಬಾಗಿಲು ತಟ್ಟುತ್ತಾರೆ. ಒಳಗೆ ಕರೆದು ತೋರಿಸಿ, ಒಂದು ಬಟ್ಟಲು ಸಾರು ಕೊಟ್ಟರೆ ಪರಿಚಯವೂ ಆಯ್ತು. ಎರಡು ತಿಂಗಳ ಬಾಡಿಗೆ ಡಿಪಾಸಿಟ್, ಒಂದು ತಿಂಗಳದ್ದು ಮುಂಗಡ, ಇದು ಸಾಮಾನ್ಯ. ಕರೆಂಟಿಗೆ ಯೂನಿಟ್ಟಿಗೆ ಎಷ್ಟು ಅಂತ ಕೇಳಿ. ಮಾಲೀಕರು ಸರ್ಕಾರದ ದರಕ್ಕಿಂತ ಜಾಸ್ತಿ ಹಾಕುತ್ತಾರೆ, ಏಸಿ ಹಾಕಿದರೆ ಬಾಡಿಗೆಯ ಪಕ್ಕ ಇನ್ನೊಂದು ಬಾಡಿಗೆ. ಇನ್ನೂ ಮುಖ್ಯ: ನೀವು ಬಂದ 24 ಗಂಟೆಯೊಳಗೆ ಮಾಲೀಕರು ಇಮಿಗ್ರೇಷನ್‌ಗೆ ತಿಳಿಸಬೇಕು, ಅದಕ್ಕೆ ಟಿಎಂ-30 ಎಂಬ ಫಾರ್ಮ್ ಇದೆ. ಅದನ್ನು ಮಾಡದ ಮಾಲೀಕರಿಂದ ಮುಂದೆ ಪ್ರತಿ ಸಲವೂ ತೊಂದರೆ. ನೊಂಥಬುರಿಯಿಂದ ಬ್ಯಾಂಕಾಕಿನ ಕಡೆಗೆ 2016ರಿಂದ ನೇರಳೆ ಮಾರ್ಗದ ಮೆಟ್ರೋ ಇದೆ. ಆ ಸಾಲಿನ ಹತ್ತಿರ ರೂಮು ಸಿಕ್ಕರೆ ಒಳ್ಳೆಯದು. ಅಲ್ಲಿಯವರು ರಶ್ ಅನ್ನುವುದನ್ನು ನೋಡಿ ಡೊಂಬಿವಲಿಯವರಿಗೆ ನಗು ಬರುತ್ತದೆ.

35,000 ಬಾತ್‌ನಲ್ಲಿ ಒಬ್ಬರು ಆರಾಮಾಗಿ ಇದ್ದು ಮನೆಗೂ ಕಳಿಸಬಹುದು. ಶ್ರೀಮಂತರಾಗುವುದಿಲ್ಲ. ದೊಡ್ಡ ಇಂಟರ್‌ನ್ಯಾಷನಲ್ ಶಾಲೆಗಳ ಸಂಬಳ ಬೇರೆ ಲೋಕ, ಅದಕ್ಕೆ ಇಲ್ಲಿನ ಅನುಭವದ ಜೊತೆ ಅಲ್ಲಿನದೂ ಬೇಕು. ಇನ್ನೊಂದು ಕಹಿ ಮಾತು. ನಿಮ್ಮ ಪಕ್ಕದ ಮೇಜಿನ ಬಿಳಿಯ ಹುಡುಗನಿಗೆ ಬಿ.ಎಡ್. ಇಲ್ಲದೆಯೂ ನಿಮಗಿಂತ ಜಾಸ್ತಿ ಸಿಗಬಹುದು, ಫಿಲಿಪ್ಪೀನ್ಸಿನವರಿಗೆ ನಿಮಗಿಂತ ಕಡಿಮೆ ಸಿಗಬಹುದು. ಇಂಗ್ಲಿಷ್ ಟೀಚರ್ ಜಾಹೀರಾತುಗಳಲ್ಲಿ ಯಾವ ದೇಶದವರು ಬೇಕು ಅಂತ ನೇರವಾಗಿಯೇ ಬರೆದಿರುತ್ತಾರೆ. ಅದು ನ್ಯಾಯ ಅಲ್ಲ, ಆದರೆ ಇದೆ. ಗಣಿತ, ವಿಜ್ಞಾನದಲ್ಲಿ ಈ ಕಾಟ ಕಡಿಮೆ. 'ಸ್ವಲ್ಪ ಇಂಗ್ಲಿಷೂ ತೆಗೆದುಕೊಳ್ಳಿ' ಅಂದರೆ ಒಪ್ಪಬೇಡಿ.

ಟ್ಯೂಷನ್ ಮಾಡಿ ಸರಿದೂಗಿಸೋಣ ಅಂತ ಮನಸ್ಸಿನಲ್ಲಿ ಇರುತ್ತದೆ, ಮುಂಬಯಿಯ ಟೀಚರುಗಳಲ್ವಾ ನಾವು. ಪರ್ಮಿಟ್ ಶಾಲೆಯ ಕೆಲಸಕ್ಕೆ ಮಾತ್ರ. ಮನೆಯಲ್ಲಿ ಕೂತು ದುಡ್ಡು ತೆಗೆದುಕೊಂಡು ಕಲಿಸಿದರೂ ಅದು ಬೇರೆ ಕೆಲಸ. ಬಹಳ ಮಂದಿ ಮಾಡುತ್ತಾರೆ. ಒಬ್ಬರು ದೂರು ಕೊಟ್ಟರೆ ಮುಗಿಯಿತು.

ಸಂಜೆಗಳು ಉದ್ದ ಅನಿಸುತ್ತವೆ. ನಾಲ್ಕೂವರೆಗೆಲ್ಲ ಶಾಲೆ ಖಾಲಿ. ಲೋಕಲ್ ಹಿಡಿಯುವ ಧಾವಂತ ಇಲ್ಲ, ಅಮ್ಮನ ಮಾತಿಲ್ಲ, ಹೊರಗೆ ಭಾಷೆ ತಿಳಿಯುವುದಿಲ್ಲ. ಬಿಟ್ಟು ವಾಪಸ್ಸು ಬರುವವರಲ್ಲಿ ಹೆಚ್ಚಿನವರು ಬರುವುದು ಈ ಹೊತ್ತಿಗೆ ಸೋತು. ರಾತ್ರಿ ಶಾಲೆ ಅಂದೆನಲ್ಲ, ಅದು ಇಲ್ಲಿಗೆ. ವಾರಕ್ಕೆ ಎರಡು ದಿನ ಥಾಯ್ ತರಗತಿಗೆ ಸೇರಿ. 44 ವ್ಯಂಜನ, ಐದು ಸ್ವರಭಾರ (ಟೋನ್) ಅಂತ ಕೇಳಿ ಗಾಬರಿ ಆಗಬೇಡಿ. ಅಕ್ಷರಮಾಲೆಯ ಕ್ರಮ ನಮ್ಮ ಹಾಗೆಯೇ ಕ ವರ್ಗ, ಚ ವರ್ಗ ಅಂತ ಸಾಗುತ್ತದೆ. ಪಾಶ್ಚಾತ್ಯರು ಒದ್ದಾಡುವ ಜಾಗದಲ್ಲಿ ನೀವು ಸಲೀಸಾಗಿ ದಾಟುತ್ತೀರಿ. ಸಂತೆಯಲ್ಲಿ ಬೆಲೆ ಓದಲು ಬಂದ ದಿನ ಊರು ನಿಮ್ಮದಾಗುತ್ತದೆ. ಭಾನುವಾರ ಬೇಕಾದರೆ ಸೀಲೋಮ್ ರಸ್ತೆಯ ಮಾರಿಯಮ್ಮನ ಗುಡಿಗೆ ಹೋಗಿ. ತಮಿಳರು ಕಟ್ಟಿದ್ದು, ಈಗ ಥಾಯ್ ಭಕ್ತರೇ ಜಾಸ್ತಿ. ವಿಜಯದಶಮಿಯ ರಾತ್ರಿ ಮೆರವಣಿಗೆಗೆ ರಸ್ತೆಯನ್ನೇ ಬಂದ್ ಮಾಡುತ್ತಾರೆ.

ಅಮ್ಮನ ವಿಷಯ. ಅಲ್ಲಿಗೂ ಇಲ್ಲಿಗೂ ಒಂದೂವರೆ ಗಂಟೆ ಮಾತ್ರ ವ್ಯತ್ಯಾಸ, ವಿಮಾನದಲ್ಲಿ ನಾಲ್ಕು-ನಾಲ್ಕೂವರೆ ಗಂಟೆ. ಊರಿಗೆ ಬಸ್ಸಿನಲ್ಲಿ ಹೋಗುವುದಕ್ಕಿಂತ ಹತ್ತಿರ. ಆದರೆ ಒಂದು ಮಾತು ಗಟ್ಟಿ ನೆನಪಿಡಿ. ರೀ-ಎಂಟ್ರಿ ಪರ್ಮಿಟ್ ಇಲ್ಲದೆ ನೀವು ಥಾಯ್ಲೆಂಡಿನಿಂದ ಹೊರಗೆ ಕಾಲಿಟ್ಟರೆ ಒಂದು ವರ್ಷದ ವಾಸದ ಅನುಮತಿ ಅಲ್ಲಿಗೇ ರದ್ದು. ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದ ರಾತ್ರಿ ಇದೆಲ್ಲ ತಲೆಗೆ ಬರುವುದಿಲ್ಲ. ವಿಸ್ತರಣೆ ಆದ ದಿನವೇ ಅದೇ ಕಚೇರಿಯಲ್ಲಿ ಎಷ್ಟು ಸಲವಾದರೂ ಹೋಗಿಬರುವ ಪರ್ಮಿಟ್ ಮಾಡಿಸಿಬಿಡಿ. ಅದಕ್ಕೆ 3,800 ಬಾತ್, ಒಂದೇ ಸಲದ್ದಕ್ಕೆ 1,000. ತೀರಾ ತುರ್ತಾದರೆ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲೂ ಕೌಂಟರ್ ಇದೆ. ದೇಶದೊಳಗೇ ಇದ್ದರೆ 90 ದಿನಕ್ಕೊಮ್ಮೆ ವಿಳಾಸ ತಿಳಿಸಬೇಕು. 15 ದಿನ ಮೊದಲಿನಿಂದ 7 ದಿನ ಆಮೇಲಿನವರೆಗೆ ಅವಕಾಶ. ಶಾಲೆ ನೋಡಿಕೊಳ್ಳುತ್ತದೆ ಅನ್ನುತ್ತಾರೆ. ನೀವೂ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಮರೆತರೆ ದಂಡ ನಿಮಗೆ.

ಇಲ್ಲಿಯ ಬ್ಯಾಂಕಿಗೂ ಹೋಗಿ ಬನ್ನಿ. ವಿದೇಶದ ಕೆಲಸಕ್ಕೆ ಹೋದವರು ಮಾಮೂಲಿ ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ, ಅದನ್ನು ಅನಿವಾಸಿಗಳ ಖಾತೆ, ಅಂದರೆ ಎನ್ಆರ್‌ಒ ಮಾಡಿಸಬೇಕು. ಪಿಪಿಎಫ್ ಇದ್ದರೆ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಹೊಸದು ತೆರೆಯುವ ಹಾಗಿಲ್ಲ.

ಈ ವಾರ ಶಾಲೆಗೆ ಒಂದು ಇಮೇಲ್ ಬರೆಯಿರಿ. ಸಂಬಳ 12 ತಿಂಗಳಿಗಾ, ಅಥವಾ ಏಪ್ರಿಲ್, ಅಕ್ಟೋಬರ್ ರಜೆಗೆ ಕತ್ತರಿಯಾ? ವೀಸಾ, ಪರ್ಮಿಟ್, ವಿಸ್ತರಣೆಯ ಶುಲ್ಕ ಯಾರದು? ವಾರಕ್ಕೆ ಎಷ್ಟು ಪೀರಿಯಡ್, ಶನಿವಾರ ಎಷ್ಟು? ಮಧ್ಯದಲ್ಲಿ ಬಿಟ್ಟರೆ ಎಷ್ಟು ದಿನದ ನೋಟಿಸ್, ದಂಡ ಏನಾದರೂ ಇದೆಯಾ? ಈಗ ಅಲ್ಲಿರುವ ವಿದೇಶಿ ಟೀಚರ್ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿಸುತ್ತೀರಾ? ಈ ಕೊನೆಯದಕ್ಕೆ ಏನು ಉತ್ತರ ಬರುತ್ತದೆ ನೋಡಿ, ಶಾಲೆ ಎಂಥದ್ದು ಅಂತ ಅದರಲ್ಲೇ ತಿಳಿಯುತ್ತದೆ. ಅಲ್ಲಿ ಶಾಲಾ ವರ್ಷ ಶುರುವಾಗುವುದು ಮೇ ಮಧ್ಯದಲ್ಲಿ. ಏಪ್ರಿಲ್ 13ರಿಂದ 15 ಅವರ ಹೊಸ ವರ್ಷ, ಸೊಂಗ್‌ಕ್ರಾನ್. ಆ ವಾರ ಯಾವ ಕಚೇರಿಯಲ್ಲೂ ಯಾರೂ ಸಿಗುವುದಿಲ್ಲ. ಹಾಗಾಗಿ ಸರ್ಟಿಫಿಕೇಟಿನ ಕೆಲಸ ಫೆಬ್ರವರಿಯಲ್ಲಿ, ವೀಸಾ ಅರ್ಜಿ ಮಾರ್ಚ್ ಮುಗಿಯುವುದರೊಳಗೆ. ಥಾಣೆಯ ಶಾಲೆಗೆ ರಾಜೀನಾಮೆ ಮಾತ್ರ ವೀಸಾ ಕೈಗೆ ಬಂದ ಮೇಲೆ.